ತುಂಬದೆ ಇಟ್ಟ ಅಚ್ಚು

ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಮೂಳೆ ಮುರಿದವರಿಗೆ ಪಟ್ಟಿ ಸುತ್ತುತ್ತ ಮೂವತ್ತೊಂದು ವರ್ಷ ಕಳೆದವನನ್ನು ಎಲ್ಲರೂ ಪಟ್ಟಿಯಣ್ಣ ಎಂದೇ ಕರೆಯುತ್ತಿದ್ದರು. ನಿವೃತ್ತನಾಗಿ ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುತ್ತಿದ್ದಾಗ ಒಬ್ಬಳು ಶಿಲ್ಪಿ ಅವನನ್ನು ಹುಡುಕಿಕೊಂಡು ಬಂದಳು. ಬದುಕಿರುವವರ ಮೈಮೇಲೆ ಪ್ಲಾಸ್ಟರ್ ಪಟ್ಟಿ ಹಾಕಿ, ಗಟ್ಟಿಯಾದ ಮೇಲೆ ಚಿಪ್ಪಿನಂತೆ ಬಿಡಿಸಿ, ಆ ಟೊಳ್ಳನ್ನೇ ಗೋಡೆಗೆ ತೂಗುಹಾಕುವುದು ಅವಳ ಕಲೆ. ಬಿಡಿಸುವಾಗ ಚರ್ಮ ಕೀಳದ ಕೈ ಅವಳಿಗೆ ಬೇಕಿತ್ತು.

ಪಟ್ಟಿಯಣ್ಣ ವ್ಯಾಸಲೀನ್ ಸವರುತ್ತಿದ್ದ, ನೀರಿನ ಬಿಸಿಯನ್ನು ಮಣಿಕಟ್ಟಿನಲ್ಲಿ ನೋಡುತ್ತಿದ್ದ, "ಉಸಿರು ಸಣ್ಣಗೆ ಬಿಡಿ. ಅಲ್ಲಾಡಿದ್ರೆ ಅಚ್ಚಲ್ಲಿ ನೀವಿರಲ್ಲ, ನಿಮ್ಮ ತಮ್ಮ ಇರ್ತಾನೆ" ಎಂದು ನಗಿಸಬಾರದ ಹೊತ್ತಿನಲ್ಲೇ ನಗಿಸುತ್ತಿದ್ದ.

ಒಂದು ಕಣ್ಣು ಮುಚ್ಚಿ ನೋಡಿದರೆ ಆ ಟೊಳ್ಳು ಮುಖಗಳು ಹೊರಕ್ಕೆ ಉಬ್ಬಿ, ನೋಡುವವರು ಸರಿದತ್ತ ತಿರುಗಿದಂತೆ ಕಾಣುತ್ತಿದ್ದವು. "ತುಂಬಿದ್ರೆ ದೇಹ, ಖಾಲಿ ಬಿಟ್ರೆ ಆತ್ಮ" ಎಂದು ಶಿಲ್ಪಿ ಪ್ರದರ್ಶನಕ್ಕೆ ಬಂದವರಿಗೆ ಹೇಳುತ್ತಿದ್ದಳು. ಪಟ್ಟಿಯಣ್ಣ ಆ ಮಾತನ್ನು ಮನೆಗೆ ತಂದು ಹೆಂಡತಿಗೆ ಒಪ್ಪಿಸಿದ.

"ಹಾಗಾದ್ರೆ ನಿಮ್ಮ ತಲೇಲಿ ಬರೀ ಆತ್ಮಾನೇ ಕಣ್ರೀ" ಎಂದಳು ಅವಳು.

ಆ ವರ್ಷವೇ ಅವಳ ಕಿಡ್ನಿ ಕೆಟ್ಟವು. ಕೈ ಬಾತು, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು. ಡಾಕ್ಟರು ಇನ್ನು ಕೆಲವೇ ದಿನ ಎಂದಾಗ ಪಟ್ಟಿಯಣ್ಣನಿಗೆ ಬೇಕೆನಿಸಿದ್ದು ಒಂದೇ: ಅವಳ ಬಲಗೈ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ. ಆ ಚರ್ಮ ತಡೆಯಲಾರದು. ಹಲ್ಲಿನ ಡಾಕ್ಟರು ದವಡೆಯ ಅಚ್ಚಿಗೆ ಬಳಸುವ ಪುಡಿಯನ್ನು ಶಿಲ್ಪಿಯಿಂದ ಕೇಳಿ ತಂದ. ನೀರಲ್ಲಿ ಕಲಸಿದರೆ ಅದು ತಣ್ಣಗೆ, ರಬ್ಬರಿನಂತೆ ಮೆತ್ತಗೆ ಕೂರುತ್ತದೆ. ಅವಳ ಕೈಯನ್ನು ಮಣಿಕಟ್ಟಿನವರೆಗೂ ಅದರಲ್ಲಿ ಮುಳುಗಿಸಿದ.

"ಏನ್ರೀ ಇದು, ಇಷ್ಟು ವರ್ಷ ಹಿಡ್ಕೊಂಡಿದ್ದು ಸಾಕಾಗ್ಲಿಲ್ವಾ?"

"ಸುಮ್ನಿರೇ, ಬೆರಳು ಅಲ್ಲಾಡಿಸ್ಬೇಡ."

"ನಾನು ಹೋದ್ಮೇಲೆ ಇನ್ಯಾವಳನ್ನಾದ್ರೂ ಕಟ್ಕೊಂಡ್ರೆ ಈ ಕೈಲೇ ಬಾರಿಸ್ತೀನಿ, ನೋಡಿ."

ಐದನೆಯ ದಿನ ಅವಳು ಹೋದಳು.

ಬಂದ ನೆಂಟರೆಲ್ಲ ಹೊರಟ ಮೇಲೆ ಅವನು ಪ್ಲಾಸ್ಟರ್ ಕಲಸಲು ಬಟ್ಟಲು ತೆಗೆದ. ಕಲಸಲಿಲ್ಲ. ಅಚ್ಚಿನೊಳಗೆ ಟಾರ್ಚ್ ಬಿಟ್ಟರೆ ಅಂಗೈಯ ಗೆರೆಗಳಿದ್ದವು, ಹೆಬ್ಬೆರಳ ಬುಡದ ಸುಟ್ಟ ಕಲೆಯಿತ್ತು. ತುಂಬಿದರೆ ಇದೆಲ್ಲ ಮುಚ್ಚಿಹೋಗುತ್ತದೆ. ನಗೆಯಾಡಿದ ಮಾತೇ ಈಗ ಅವನನ್ನು ಹಿಡಿದುಕೊಂಡಿತ್ತು: ಈ ಖಾಲಿಯಲ್ಲಿ ಅವಳಿದ್ದಾಳೆ. ದಿನವೂ ಮಧ್ಯಾಹ್ನ ಮಣಿಕಟ್ಟಿನ ಕಡೆಯಿಂದ ಎರಡು ಬೆರಳು ಇಳಿಸಿ ಅವಳ ಅಂಗೈಯನ್ನು ಒಳಗಿನಿಂದ ಮುಟ್ಟುತ್ತಿದ್ದ. ಬರುಬರುತ್ತ ಅಚ್ಚಿನ ಬಾಯಿ ಬಿಗಿಯಾಯಿತು. ತನ್ನ ಬೆರಳೇ ಊದಿರಬೇಕು ಎಂದುಕೊಂಡ.

ಮೂರನೆಯ ವಾರ ಬೆರಳು ಇಳಿಯಲೇ ಇಲ್ಲ. ಆತ್ಮ ಹಾಗಿರಲಿ, ಹಿಡಿದುಕೊಳ್ಳಲು ಒಂದು ಕೈ ಬೇಕೆನಿಸಿತು. ಪ್ಲಾಸ್ಟರ್ ಸುರಿದ, ಗಟ್ಟಿಯಾಗುವವರೆಗೆ ಕಾದ, ಅಚ್ಚನ್ನು ಚೂರು ಚೂರಾಗಿ ಒಡೆದು ತೆಗೆದ. ಒಳಗಿಂದ ಬಂದದ್ದು ಎಂಟು ವರ್ಷದ ಮಗುವಿನಷ್ಟು ಕೈ. ಬೆರಳುಗಳು ಸೊಟ್ಟ. ಸುಟ್ಟ ಕಲೆ ಮಾತ್ರ ಇದ್ದಲ್ಲೇ ಇತ್ತು, ಸಾಸಿವೆಯಷ್ಟಾಗಿ.

ಅದನ್ನು ಟವೆಲ್ಲಿನಲ್ಲಿ ಸುತ್ತಿ ಶಿಲ್ಪಿಯ ಶೆಡ್ಡಿಗೆ ಒಯ್ದ.

"ಅಣ್ಣಾ, ಅವತ್ತೇ ತುಂಬಬೇಕಿತ್ತು" ಎಂದಳು ಅವಳು. "ಅದರಲ್ಲಿ ಮುಕ್ಕಾಲು ಪಾಲು ನೀರೇ. ಆರಿದ ಹಾಗೆಲ್ಲ ಕುಗ್ಗುತ್ತೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಅವಳು ಅಪರೂಪಕ್ಕೆ ಆ ಪುಡಿಯಲ್ಲಿ ಅಚ್ಚು ತೆಗೆದಾಗ ತಕ್ಷಣ ಪ್ಲಾಸ್ಟರ್ ತುಂಬುತ್ತಿದ್ದುದನ್ನು ಅವನು ನೋಡಿದ್ದ. ಹುಡುಗಿಯ ಅವಸರ ಎಂದುಕೊಂಡಿದ್ದ. ಮೂವತ್ತೊಂದು ವರ್ಷದಲ್ಲಿ ಅವನ ಪ್ಲಾಸ್ಟರ್ ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ.

"ಚೂರುಗಳಿವೆ. ನೀರಲ್ಲಿ ನೆನೆಹಾಕಿದ್ರೆ?"

"ಮತ್ತೆ ಹಿಗ್ಗಲ್ಲ ಅಣ್ಣಾ."

ಅವಳು ಆ ಕೈಯನ್ನು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. "ತಪ್ಪು ತಿಳ್ಕೋಬೇಡಿ... ಇದನ್ನ ಪ್ರದರ್ಶನದಲ್ಲಿ ಇಡ್ಲಾ? ನಾನು ಹೇಳೋಕೆ ಒದ್ದಾಡ್ತಿರೋದು ಇದನ್ನೇ."

"ಇಟ್ಕೊಳಮ್ಮಾ. ಅದು ಅವಳ ಕೈಯಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಅಂಗೈ ಮಡಿಸಿ, ಅವಳ ಕೈಯಷ್ಟು ಜಾಗ ಬಿಟ್ಟು ನೋಡಿದ. ದೊಡ್ಡದಾಯಿತು. ಒಂದಿಷ್ಟು ಬಿಗಿ ಮಾಡಿದ. ತೀರಾ ಚಿಕ್ಕದಾಯಿತು. ಮತ್ತೆ ಸಡಿಲಿಸಿದ. ಇಳಿಯಬೇಕಾದ ನಿಲ್ದಾಣ ಹಿಂದೆ ಉಳಿಯಿತು. ಅಳತೆ ಮಾತ್ರ ಕೂಡಿಬರಲಿಲ್ಲ.