ಕಮಲಾಕರನ ದೋಣಿಯ ನಾಲ್ಕು ತೊಲೆ

ಅರವತ್ತೊಂದು ವರ್ಷದ ಬಾಳಿನಲ್ಲಿ ಕಮಲಾಕರ ಪೂರ್ತಿ ಮಾಡಿದ ಕೆಲಸ ಯಾವುದು ಎಂದು ಕೇಳಿದರೆ ಅವನ ಮನೆಯವರು ನಗುತ್ತಾರೆ. ಮದುವೆಯೊಂದು ಪೂರ್ತಿಯಾಯಿತು, ಅದೂ ಪುರೋಹಿತರು ಪಕ್ಕದಲ್ಲೇ ಕೂತಿದ್ದರಿಂದ. ಸಿ.ಎ. ಪರೀಕ್ಷೆ ಅರ್ಧಕ್ಕೆ ನಿಂತಿತು, ಮೃದಂಗವೂ ಅಷ್ಟೆ. ಅಡುಗೆಮನೆಯಲ್ಲಿ ಅವನೇ ಹೊಡೆದ ಕಪಾಟಿಗೆ ಹದಿನೆಂಟು ವರ್ಷವಾದರೂ ಬಾಗಿಲು ಬಂದಿಲ್ಲ. ಹೆಂಡತಿ ಗೋದಾಬಾಯಿ ಹಳೆಯ ಸೀರೆ ಹರಿದು ಪರದೆ ಕಟ್ಟಿಕೊಂಡಿದ್ದಾಳೆ. ಏಕಾದಶಿಯ ಉಪವಾಸ ಕೂಡ ಮಧ್ಯಾಹ್ನ ಮೂರರ ಕಾಫಿಯ ವಾಸನೆಗೆ ಮುರಿದು ಬೀಳುತ್ತಿತ್ತು. ತಿರುವಲ್ಲಿಕ್ಕೇಣಿಯಲ್ಲಿರುವ ಅವನ ಅಕ್ಕ ನಾಗರತ್ನಮ್ಮ ಇದನ್ನೆಲ್ಲ ನೋಡಿ ನೋಡಿ ತಮ್ಮನಿಗೆ 'ಅರ್ಧ' ಎಂದೇ ಹೆಸರಿಟ್ಟಳು. ಅವಳ ಮಕ್ಕಳಿಗೆ ಅವನು ಅರ್ಧಮಾಮ. ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ಆ ಮಾಧ್ವ ಕುಟುಂಬದಲ್ಲಿ ಯಾರದಾದರೂ ಮುಂಜಿಯೋ ಸೀಮಂತವೋ ಆದರೆ, ಎಲೆ ಮುಂದೆ ಕೂತವರಿಗೆ ಈ ಒಂದು ತಮಾಷೆ ಪಾಯಸಕ್ಕಿಂತ ಮುಂಚೆ ಬಡಿಸಲೇಬೇಕು. ಕಮಲಾಕರನೂ ಎಲ್ಲರ ಜೊತೆ ನಗುತ್ತಿದ್ದ. ಆ ನಗುವಿನ ಹಿಂದೆ ಅವನಿಗೆ ಎಷ್ಟು ಉರಿಯುತ್ತಿತ್ತೆಂದು ಯಾರೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ನನಗನ್ನಿಸುತ್ತದೆ.

ಅವನು ಎಣ್ಣೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತನಾಗಿ ಮೂವತ್ತಮೂರು ವರ್ಷ ದುಡಿದ. ಕಾರ್ಖಾನೆಯ ಅಧಿಕಾರಿಗಳ ಕ್ಲಬ್ಬಿಗೆ ಒಂದು ಬಿಳಿ ಫೈಬರ್ ದೋಣಿಯಿತ್ತು. ಕಾಲಿಗೆ ಹಲಗೆ ಕಟ್ಟಿಕೊಂಡವರನ್ನು ನೀರಿನ ಮೇಲೆ ಹಗ್ಗದಲ್ಲಿ ಎಳೆದೊಯ್ಯುವ ಸ್ಕೀ ದೋಣಿ. ಭಾನುವಾರ ಅಧಿಕಾರಿಗಳು ಅಳಿವೆಯಲ್ಲಿ ಆಡುತ್ತಿದ್ದರೆ ಕಮಲಾಕರ ದಡದಲ್ಲಿ ನಿಂತು ಲೈಫ್ ಜಾಕೆಟ್ ಎಣಿಸುತ್ತಿದ್ದ. ಒಂದು ಸಲವೂ ಹತ್ತಲಿಲ್ಲ, ಹತ್ತು ಎಂದು ಯಾರೂ ಕರೆಯಲಿಲ್ಲ. ಆದರೆ ಅದು ಓಡುವ ಚೆಂದ ಅವನ ಕಣ್ಣಿಗೆ ಕಟ್ಟಿತ್ತು. ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ನಿವೃತ್ತಿಯಾದ ಎರಡನೇ ವರ್ಷ, ಅದೇ ದೋಣಿ ಗುಜರಿಗೆ ಹೋಗುತ್ತಿದೆ ಎಂದು ಕೇಳಿ, ಮನೆಯಲ್ಲಿ ಒಂದು ಮಾತೂ ಹೇಳದೆ ಹೋಗಿ ಕೊಂಡುಬಿಟ್ಟ.

"ಅಯ್ಯೋ, ನಿಮಗೆ ಈಜಾದ್ರೂ ಬರತ್ತಾ?" ಎಂದಳು ಗೋದಾಬಾಯಿ.

"ಅರ್ಧ ಬರತ್ತೆ," ಎಂದ ಕಮಲಾಕರ. ಹೆಂಡತಿಯ ಮುಂದೆ ತನ್ನನ್ನು ತಾನೇ ಹೀಗೆ ಆಡಿಕೊಂಡದ್ದು ಅದೇ ಕೊನೆ. ಮನಸ್ಸಿನಲ್ಲಿ ಅವನು ಆಗಲೇ ಹಠ ಹಿಡಿದಾಗಿತ್ತು. ಈ ಒಂದನ್ನು ಮುಗಿಸಬೇಕು. ಮುಗಿಸಿ, ಎಲ್ಲರನ್ನೂ ದಡದಲ್ಲಿ ನಿಲ್ಲಿಸಿ ತೋರಿಸಬೇಕು. ಸಾಯುವ ಮೊದಲು ಒಂದೇ ಒಂದು.

ದೋಣಿಯನ್ನು ಏಕಾಂಬರಂನ ಅಂಗಳದಲ್ಲಿ ಇಳಿಸಿದರು. ಏಕಾಂಬರಂ ಎಣ್ಣೂರಿನ ಮೀನುಗಾರರ ಫೈಬರ್ ದೋಣಿಗಳನ್ನು ರಿಪೇರಿ ಮಾಡುವವನು, ಕಮಲಾಕರನ ವಯಸ್ಸಿನವನೇ. ಚೈನ್ ಪುಲ್ಲಿ ಕಟ್ಟಿ ಇಂಜಿನ್ ಎತ್ತಿದರು, ಕಾಲಿಡುವ ನೆಲವನ್ನು ಕೊಯ್ದು ತೆಗೆದರು. ಒಳಗೆ, ತಳದ ಉದ್ದಕ್ಕೂ, ಮುಂದಿನಿಂದ ಹಿಂದಿನವರೆಗೆ ನಾಲ್ಕು ಮರದ ತೊಲೆಗಳು, ಬಲಕ್ಕೆ ಎರಡು, ಎಡಕ್ಕೆ ಎರಡು. ಮೇಲೆ ಫೈಬರ್ ಹೊದಿಕೆ. ಕ್ಲಬ್ಬಿನ ಡ್ರೈವರ್ ಇವನ್ನು ಸ್ಟ್ರಿಂಗರ್ ಎನ್ನುತ್ತಿದ್ದ. ಕಮಲಾಕರ ಮನೆಯಲ್ಲಿ ತೊಲೆ ಎಂದೇ ಹೇಳಿದ. ಮನೆಯ ಸೂರಿಗೆ ತೊಲೆ ಹೇಗೋ ದೋಣಿಯ ತಳಕ್ಕೆ ಇವು ಹಾಗೆ. ಏಕಾಂಬರಂ ಹೊದಿಕೆ ಸೀಳಿ ಸ್ಕ್ರೂಡ್ರೈವರ್ ಚುಚ್ಚಿದ. ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಇಳಿಯಿತು. ಹೊರಗೆಳೆದಾಗ ಕಪ್ಪು ನೀರು ಸುರಿಯಿತು.

"ನಾಲ್ಕೂ ಹೋಗಿದೆ ಸಾರ್," ಎಂದ ಏಕಾಂಬರಂ ತಮಿಳಿನಲ್ಲಿ. ಇಬ್ಬರ ಮಾತೂ ತಮಿಳೇ. "ಬಲಗಡೆ ಎರಡು ತೆಗೆದು ಹೊಸದು ಕೂರಿಸಿ. ಅದು ಗಟ್ಟಿಯಾದ ಮೇಲೆ ಎಡಗಡೆಗೆ ಕೈ ಹಾಕಿ. ಅಲ್ಲೀವರೆಗೂ ಪಾದಿ ಅಪ್ಪಡಿಯೇ ಇರುಕ್ಕಟ್ಟುಂ."

ಪಾದಿ ಎಂದರೆ ಅರ್ಧ. ಅರ್ಧ ಹಾಗೇ ಇರಲಿ. ಕಮಲಾಕರನ ಮುಖ ಸಣ್ಣಗಾಯಿತು. "ಕೊಳೆತದ್ದನ್ನು ಯಾಕೆ ಬಿಡೋದು?" ಎಂದ.

"ಕೊಳೆತಿದ್ದರೂ ದೋಣಿಯನ್ನು ಹಿಡ್ಕೊಂಡಿದೆಯಲ್ಲ ಸಾರ್. ಎರಡೂ ಪಕ್ಕ ಒಟ್ಟಿಗೆ ಕಿತ್ತರೆ ಉಳಿಯೋದು ಬರೀ ಚಿಪ್ಪು. ನಾವು ಹೇಗೆ ಮಲಗಿಸ್ತೀವೋ ಹಾಗೆ ಬಾಗಿಬಿಡುತ್ತೆ."

ಇಷ್ಟು ಹೇಳಿ, ಪಳವೇರ್ಕಾಡಿನಲ್ಲಿ ಹೆಂಡತಿಯ ಕಡೆಯವರ ದೋಣಿಗಳ ಕೆಲಸವಿದೆ, ದೀಪಾವಳಿ ಕಳೆದು ಬರುತ್ತೇನೆ ಎಂದು ಏಕಾಂಬರಂ ಹೊರಟುಹೋದ. ಕಮಲಾಕರ ದಿನಾ ಬೆಳಿಗ್ಗೆ ನುಂಗಂಬಾಕ್ಕಂನಲ್ಲಿ ರೈಲು ಹತ್ತಿ, ಬೀಚ್ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಎಣ್ಣೂರಿನ ರೈಲು ಹಿಡಿದು ಬಂದು ಬಲಗಡೆಯ ಹಳೆಯ ತೊಲೆ ಕೆತ್ತಿ ತೆಗೆಯತೊಡಗಿದ. ಹೇಳಿದ ಹಾಗೇ ಮಾಡುತ್ತಿದ್ದ, ಅದನ್ನು ಒಪ್ಪಬೇಕು. ಒಂದು ಶನಿವಾರ ಸಾಯಂಕಾಲ ಏನು ಬುದ್ಧಿ ಬಂತೋ, ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಬಲಭಾಗ ಖಾಲಿ, ಎಡಭಾಗದಲ್ಲಿ ಹಳೆಯದು. ಐದು ನಿಮಿಷದಲ್ಲಿ ನಾಗರತ್ನಮ್ಮನ ಉತ್ತರ ಬಂತು. "ಇದೂ ಅರ್ಧಕ್ಕೇ ನಿಂತಿತೇನೋ?" ಅದರ ಕೆಳಗೆ ಹನ್ನೊಂದು ಜನ ಕಣ್ಣೀರು ಸುರಿಸಿ ನಗುವ ಮುಖಗಳನ್ನು ಹಾಕಿದರು. ಅದರಲ್ಲಿ ಒಂದು ಅವನ ಮಗಳು ಭಾವನಾಳದು.

ಮಾರನೆಯ ದಿನ ಭಾನುವಾರ. ಕಮಲಾಕರ ಮೊದಲ ಗಾಡಿಗೆ ಎಣ್ಣೂರಿಗೆ ಬಂದು, ಮಧ್ಯಾಹ್ನದ ಊಟವನ್ನೂ ಬಿಟ್ಟು, ಎಡಗಡೆಯ ಎರಡು ತೊಲೆಗಳನ್ನು ಬಗೆದು ಬಗೆದು ತೆಗೆದ. ಸಂಜೆಗೆ ದೋಣಿಯೊಳಗೆ ಕೊಳೆತ ಮರದ ಒಂದು ಚಕ್ಕೆಯೂ ಉಳಿದಿರಲಿಲ್ಲ. ಮೈಯೆಲ್ಲ ಫೈಬರ್ ಧೂಳಿನ ತುರಿಕೆ, ಆದರೂ ಎಷ್ಟೋ ವರ್ಷದ ಮೇಲೆ ಎದೆ ಹಗುರವಾಗಿತ್ತು. ಅರ್ಧ ಎನ್ನುವುದು ಅಲ್ಲಿ ಎಲ್ಲೂ ಇರಲಿಲ್ಲ. ಹೊಸ ಫೋಟೋ ಹಾಕಿದ. ಅದಕ್ಕೆ ಯಾರೂ ಏನೂ ಬರೆಯಲಿಲ್ಲ.

ಆ ಮೇಲೆ ಮಳೆ ಹಿಡಿಯಿತು. ದೀಪಾವಳಿಯ ಹೊತ್ತಿನ ಐಪ್ಪಸಿ ತಿಂಗಳ ಮಳೆ ಎಂದರೆ ಮದರಾಸಿನಲ್ಲಿ ಕೇಳಬೇಕೆ! ಮೂರು ವಾರ ಅವನಿಗೆ ಎಣ್ಣೂರಿನ ಕಡೆ ತಲೆ ಹಾಕಲಾಗಲಿಲ್ಲ. ಬಂದು ನೋಡಿದಾಗ ದೋಣಿ ತಾರ್ಪಾಲಿನ ಕೆಳಗೆ ಹಾಗೇ ಇತ್ತು. ಅದನ್ನು ಆರು ಹಳೆಯ ಲಾರಿ ಟೈರುಗಳ ಮೇಲೆ ಕೂರಿಸಿದ್ದರು. ಹಿಂದಿನ ಎಡಗಡೆಯ ಟೈರು ಮೆತ್ತಗಾದ ಬೂದಿಮಣ್ಣಿನಲ್ಲಿ ಎರಡು ಬೆರಳಷ್ಟು ಇಳಿದಿತ್ತು. ಅವನು ಅದನ್ನು ನೋಡಿದ. ನೋಡಲಿಲ್ಲ ಎಂದು ಹೇಳಿ ಅವನನ್ನು ಬಚಾವು ಮಾಡಲು ನನಗೂ ಆಸೆ, ಆದರೆ ನೋಡಿದ. ಎರಡು ಬೆರಳು ತಾನೆ ಎಂದುಕೊಂಡು ಕೆಲಸಕ್ಕೆ ಕೂತ.

ಆ ಕೆಲಸ ಎಂಥದ್ದು! ಪೆರಿಯಮೇಡಿನಿಂದ ನೀರು ತಡೆಯುವ ಮರೀನ್ ಪ್ಲೈ ಹಲಗೆ ತಂದು, ಪದರದ ಮೇಲೆ ಪದರ ಅಂಟಿಸಿ ತೊಲೆ ಮಾಡಿದ. ತಳದ ಬಾಗಿಗೆ ಕೂದಲೆಳೆಯಷ್ಟೂ ಸಂದು ಬಾರದ ಹಾಗೆ ಒಂದೊಂದನ್ನೂ ಹದಿನೈದು ಸಲ ಎತ್ತಿ ಇಳಿಸಿ ಕೆತ್ತಿದ. ರಾಳದ ಲೇಪದಲ್ಲಿ ಕೂರಿಸಿ, ಫೈಬರ್ ಬಟ್ಟೆಯಂಥ ಗ್ಲಾಸ್ ಮ್ಯಾಟಿನ ಐದು ಪದರ ಹೊದಿಸಿ, ಗಾಳಿಯ ಒಂದು ಗುಳ್ಳೆಯೂ ಉಳಿಯದ ಹಾಗೆ ರೋಲರ್ ಉಜ್ಜಿದ. ಸ್ಕ್ರೂ ಹೋಗುವ ಪ್ರತಿಯೊಂದು ತೂತಿಗೂ ರಾಳ ತುಂಬಿದ. ಮೂವತ್ತಮೂರು ವರ್ಷ ಬೇರೆಯವರು ಮಾಡಿದ ಸಾಮಾನಿಗೆ ಚೀಟಿ ಅಂಟಿಸುತ್ತಿದ್ದ ಕೈಗೆ ಇಂಥ ಕಸುಬು ಇತ್ತೆಂದು ಅವನಿಗೇ ಗೊತ್ತಿರಲಿಲ್ಲ. ಗೋದಾಬಾಯಿ ಅವನ ಬೆರಳುಗಳ ಬಿರುಕಿಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು.

ಏಕಾಂಬರಂ ದೀಪಾವಳಿಗಲ್ಲ, ಪೊಂಗಲ್ ಕಳೆದು ಬಂದ. ತೊಲೆಗಳನ್ನು ಉದ್ದಕ್ಕೂ ನಾಣ್ಯದಿಂದ ತಟ್ಟಿ ತಟ್ಟಿ ಕೇಳಿದ. ಎಲ್ಲಿಯೂ ಪೊಳ್ಳು ಸದ್ದಿಲ್ಲ. "ನಾನೇ ಮಾಡಿದ್ದರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ ಸಾರ್," ಎಂದ. ಆಮೇಲೆ, ಸುಮ್ಮನೆ ಕೇಳುವ ಹಾಗೆ, "ಒಂದೊಂದೇ ಪಕ್ಕ ತಾನೆ ಮಾಡಿದ್ದು?" ಎಂದ.

"ಆಮಾ," ಎಂದ ಕಮಲಾಕರ.

ಹೌದು ಎಂದ ಆ ಒಂದು ಮಾತಿಗೆ ಏಕಾಂಬರಂ ತಳ ನೆಟ್ಟಗಿದೆಯೇ ಎಂದು ದಾರ ಕಟ್ಟಿ ಅಳೆಯುವ ಗೋಜಿಗೆ ಹೋಗಲಿಲ್ಲ. ನೆಲ ಮುಚ್ಚಿದರು, ಇಂಜಿನ್ ಇಳಿಸಿದರು, ಹೊರಗೆ ಬಿಳಿ ಬಣ್ಣ ಬಳಿದರು.

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ದೋಣಿ ನೀರಿಗಿಳಿಯಿತು. ಗೋದಾಬಾಯಿ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಅಡ್ಯಾರಿನ ಆಫೀಸಿನಲ್ಲಿ ಕೆಲಸ ಮಾಡುವ ಭಾವನಾ ಬಾಡಿಗೆಗೆ ತಂದ ಸ್ಕೀ ಹಲಗೆಗಳನ್ನು ತೋಳಲ್ಲಿ ತಬ್ಬಿಕೊಂಡು, "ಅಪ್ಪಾ, ನಾನ್ ದಾನ್ ಫಸ್ಟ್!" ಎಂದು ಮೊದಲ ಸರದಿ ತನ್ನದೆಂದು ಕೂಗುತ್ತಿದ್ದಳು. ಮೊದಲು ಒಂದು ಸುತ್ತು ನೋಡಿ ಬರುತ್ತೇವೆ ಎಂದು ಕಮಲಾಕರ ಏಕಾಂಬರಂನನ್ನು ಕೂರಿಸಿಕೊಂಡು ಹೊರಟ.

ಮೆಲ್ಲಗೆ ಹೋಗುವಾಗ ಎಲ್ಲ ಸರಿಯಿತ್ತು. ವೇಗ ಏರಿಸಿದ. ದೋಣಿ ಎಡಕ್ಕೆ ವಾಲಿತು. ತಿದ್ದಿದ. ಮತ್ತೆ ವಾಲಿತು, ಮೂತಿ ನೀರಿಗೆ ಚುಚ್ಚಿಕೊಂಡಿತು. ಏಕಾಂಬರಂ ಎದ್ದು ಬಲಕ್ಕೆ ಹೋಗಿ ಕೂತ, ಆದರೂ ವಾಲಿತು. ಇನ್ನಷ್ಟು ಏರಿಸಿದಾಗ ಚುಕ್ಕಾಣಿ ಕೈಯಿಂದ ಕಿತ್ತುಕೊಂಡು ದೋಣಿ ಪಕ್ಕಕ್ಕೆ ಜಿಗಿಯಿತು. ಏಕಾಂಬರಂ ಅಂಚು ಹಿಡಿಯದಿದ್ದರೆ ನೀರಿಗೆ ಬೀಳುತ್ತಿದ್ದ.

"ನಿಲ್ಲಿಸಿ ಸಾರ್."

ಅಳಿವೆಯ ನಡುವೆ ಇಂಜಿನ್ ಆಫ್ ಮಾಡಿದ. ದಡದಿಂದ ಚಪ್ಪಾಳೆ ಕೇಳುತ್ತಿತ್ತು. ದೋಣಿ ಜಿಗಿದದ್ದು ಅವರಿಗೆ ಅಪ್ಪನ ಸಾಹಸದ ಹಾಗೆ ಕಂಡಿರಬೇಕು. ಏಕಾಂಬರಂ ಹಿಂದಿನ ಅಂಚಿಗೆ ಕಣ್ಣಿಟ್ಟು ಮುಂದಿನವರೆಗೆ ಬಹಳ ಹೊತ್ತು ನೋಡಿದ. ತಿರುಗಿ, ಒದ್ದೆ ಬಟ್ಟೆ ಹಿಂಡುವ ಹಾಗೆ ಎರಡು ಕೈಗಳನ್ನೂ ತಿರುವಿ ತೋರಿಸಿದ.

"ಮುರುಕ್ಕಿಡುಚ್ಚು. ತಳ ತಿರುಚಿಕೊಂಡಿದೆ. ನಿಜ ಹೇಳಿ ಸಾರ್, ಎರಡೂ ಪಕ್ಕ ಒಟ್ಟಿಗೆ ಕಿತ್ತಿರಾ?"

ಕಮಲಾಕರ ಹೇಳಿದ. ಭಾನುವಾರ, ಮಳೆ, ಟೈರು, ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ಅರ್ಥವಾಯಿತು. ಆ ಕೊಳೆತ ಮರ, ಕಪ್ಪು ನೀರು ಸುರಿಸುತ್ತಿದ್ದ ಆ ಗೆಣಸು, ಅದೂ ದೋಣಿಯನ್ನು ನೆಟ್ಟಗೆ ಹಿಡಿದಿತ್ತು. ತಾನು ಅದನ್ನು ತೆಗೆದು, ಎರಡು ಬೆರಳಷ್ಟು ತಿರುಚಿಕೊಂಡ ಚಿಪ್ಪಿಗೆ, ಕೂದಲೆಳೆಯಷ್ಟೂ ಸಂದಿಲ್ಲದ ಹೊಸ ತೊಲೆ ಕೂರಿಸಿ, ಆ ತಿರುಚನ್ನೇ ಭದ್ರ ಮಾಡಿದ್ದ.

"ಮತ್ತೆ ಬಿಚ್ಚಿ ಮಾಡಬಹುದಾ?" ಎಂದು ಕೇಳಿದ.

ಏಕಾಂಬರಂ ನೀರನ್ನು ನೋಡುತ್ತಾ ಇಲ್ಲವೆಂದು ತಲೆಯಾಡಿಸಿದ. "ಯಾರಾದರೂ ಕಳಪೆ ಕೆಲಸ ಮಾಡಿದ್ದರೆ ಬಿಚ್ಚಬಹುದಿತ್ತು ಸಾರ್. ನೀವು ಕೂರಿಸಿರೋದು ನೋಡಿದರೆ, ತೊಲೆ ಕಿತ್ತರೆ ತಳಾನೇ ಕಿತ್ತು ಬರುತ್ತೆ." ಮತ್ತೆ ಹೇಳಿದ, "ಮೆಲ್ಲಗೆ ಓಡಿಸಿಕೊಂಡಿರಿ. ಹಿಂದೆ ಮಾತ್ರ ಯಾರನ್ನೂ ಕಟ್ಟಿ ಎಳೀಬೇಡಿ. ಮಗು ಜೀವಕ್ಕೆ ಅಪಾಯ."

ದಡಕ್ಕೆ ಬಂದಾಗ ಭಾವನಾ ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಯುತ್ತಿದ್ದಳು. "ಇವತ್ತು ಬೇಡಮ್ಮಾ. ಇಂಜಿನ್ ಹೀಟ್ ಆಗಿದೆ," ಎಂದ ಕಮಲಾಕರ. ಏಕಾಂಬರಂ ಆ ಕಡೆ ತಿರುಗಿ ಹಗ್ಗ ಸುತ್ತತೊಡಗಿದ. ಮಗಳ ಮುಖ ಒಂದು ಕ್ಷಣ ಬಾಡಿತು, ಮರುಕ್ಷಣ ಓಡಿಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. "ಪರವಾಇಲ್ಲೆ ಪ್ಪಾ. ಸೂಪರಾ ಇರುಕ್ಕು!" ಎಂದು ಅಪ್ಪ, ದೋಣಿ, ತಾನು ಸೇರಿ ಇಪ್ಪತ್ತು ಫೋಟೋ ತೆಗೆದುಕೊಂಡಳು. ಗೋದಾಬಾಯಿ ಸೆರಗಿನಿಂದ ಅವನ ಮುಖದ ಉಪ್ಪುನೀರು ಒರೆಸಿದಳು. ಅವನ ಕಣ್ಣು ಕೆಂಪಾಗಿದ್ದದ್ದು ಗಾಳಿಗೆ ಎಂದುಕೊಂಡಳು. ಮೂವರೂ ಅಲ್ಲೇ ಕೂತು ಪುಳಿಯೋಗರೆ ತಿಂದರು. ಇಬ್ಬರೂ ನೋಡುತ್ತಿದ್ದರೆಂದು ಕಮಲಾಕರ ಎರಡನೇ ಸಲವೂ ಹಾಕಿಸಿಕೊಂಡ.

ಹಿಂದಿರುಗುವಾಗ ಭಾವನಾ ಕಾರು ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಗೋದಾಬಾಯಿ ನಾಗರತ್ನಮ್ಮನಿಗೆ ಫೋನು ಹಚ್ಚಿದಳು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನ ಬಗ್ಗೆ ಆ ದನಿಯಲ್ಲಿ ಮಾತಾಡಿದ್ದನ್ನು ಕಮಲಾಕರ ಕೇಳಿರಲಿಲ್ಲ.

"ಅತ್ತಿಗೆ, ನೀವು ಬರಬೇಕಿತ್ತು. ಏನು ಓಡ್ತು ಅಂತೀರಿ! ಒಬ್ಬರೇ, ಯಾರ ಹೆಲ್ಪೂ ಇಲ್ದೆ. ಅವರ ಕೈ ನೋಡಿದ್ರೆ ನಿಮಗೆ ಅಳು ಬಂದುಬಿಡತ್ತೆ. ಇನ್ಮೇಲೆ ನಮ್ಮನೆಯವರನ್ನ ಯಾರೂ ಏನೂ ಅನ್ನಕೂಡದು, ಹೇಳಿಬಿಟ್ಟಿದೀನಿ. ನಾನೂ ಅಂದಿದ್ದೀನಿ, ಇಲ್ಲ ಅನ್ನಲ್ಲ. ತಪ್ಪಾಯ್ತು." ಅವಳು ಮುಂದಿನ ಸೀಟಿನ ಕಡೆ ಬಾಗಿದಳು. "ಇರಿ, ಇಲ್ಲೇ ಇದಾರೆ. ಕೊಡ್ತೀನಿ."

ಫೋನು ಮುಂದಿನ ಸೀಟಿಗೆ ಬಂತು. ಆ ಕಡೆಯಿಂದ ಎಪ್ಪತ್ತು ವರ್ಷದ ಅಕ್ಕ, "ಕಮಲಾಕರಾ, ಕೇಳಿ ನಂಗೆ ಎಷ್ಟು ಸಂತೋಷ ಆಯ್ತೋ. ಮುಗಿಸಿಬಿಟ್ಯಂತಲ್ಲೋ?" ಎಂದಳು.

ಅವನು ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ. ಅವಳು ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹೂಂ ಅಕ್ಕಾ," ಎಂದ. "ಮುಗೀತು."