ಪರದೆಯ ಮೇಲೆ ನಿಂತುಹೋದ ಕೈ

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಬಾಯಿಮಾತೂ ಬರಲಿಲ್ಲ. ಆದರೂ ನಮ್ಮ ಮನೆಯಲ್ಲಿ ಅವಳಷ್ಟು ಮಾತಾಡುವವರು ಇನ್ನೊಬ್ಬರಿರಲಿಲ್ಲ. ಹೊನ್ನಾಳಿಯಲ್ಲಿ ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು, ಗಿರಣಿಯ ಹಿಂದೆಯೇ ನಮ್ಮ ಮನೆ. ಬೆಲ್ಟು ತಿರುಗಲು ಶುರುವಾದರೆ ಕಿವಿ ನೆಟ್ಟಗಿದ್ದವರಿಗೂ ಏನೂ ಕೇಳುತ್ತಿರಲಿಲ್ಲ. ನುಣ್ಣಗೆ ಬೇಕೋ ತರಿ ಬೇಕೋ, ಈಗಲೇ ಬೇಕೋ ಸಂಜೆಗೋ, ಎಲ್ಲವನ್ನೂ ಅಪ್ಪ ಕೈಯಲ್ಲೇ ಕೇಳಿ ಕೈಯಲ್ಲೇ ಹೇಳುತ್ತಿದ್ದರು. ಹಾಗಾಗಿ ಅಕ್ಕನ ಕೈಮಾತು ನಮಗೆ ಬೇರೆ ಭಾಷೆ ಅನ್ನಿಸಲೇ ಇಲ್ಲ.

ಅದನ್ನು ಯಾರೂ ಶಾಲೆಯಲ್ಲಿ ಕಲಿತದ್ದಲ್ಲ, ಮನೆಯಲ್ಲೇ ಬೆಳೆದದ್ದು. ಮೂಗುತಿ ಮುಟ್ಟಿದರೆ ಅಮ್ಮ. ಮುಂಗೈ ಮೇಲಿನ ಹಿಟ್ಟು ಕೊಡವಿದರೆ ಅಪ್ಪ. ಎರಡು ಕಡೆ ಜಡೆ ಎಳೆದು ತೋರಿಸಿದರೆ ನಾನು. ಅಂಗೈಯನ್ನು ಮೇಲೆ ಮಾಡಿ ಮಗುಚಿದರೆ ಯಾರೋ ತೀರಿಕೊಂಡರು ಎಂದು ಅರ್ಥ. ಹೊರಗಿನವರು ನೋಡಿದರೆ ಏನೋ ಆಟ ಅಂದುಕೊಳ್ಳುತ್ತಿದ್ದರು. ಅಕ್ಕ ನಾಲ್ಕೈದು ವರ್ಷ ಊರಿನ ಶಾಲೆಗೆ ಹೋಗಿ ತನ್ನ ಹೆಸರು ಬರೆಯುವುದನ್ನು ಕಲಿತಳು. ಅದಕ್ಕಿಂತ ಹೆಚ್ಚಿನ ಅಕ್ಷರ ಅವಳಿಗೆ ಹತ್ತಲಿಲ್ಲ.

ಅವಳನ್ನು ಜಗಳೂರು ತಾಲ್ಲೂಕಿಗೆ ಕೊಟ್ಟರು, ಬಿಳಿಚೋಡಿನಿಂದ ಒಳಗೆ ಹೋಗುವ ಒಂದು ಸಣ್ಣ ಹಳ್ಳಿಗೆ. ಭಾವನಿಗೆ ಮೆಕ್ಕೆಜೋಳದ ಹೊಲ, ಕೊಟ್ಟಿಗೆಯಲ್ಲಿ ಎಮ್ಮೆಗಳು, ಮುಖದ ತುಂಬ ಮೀಸೆ. ಮದುವೆಯ ದಿನವೇ ಅಕ್ಕ ಮೇಲ್ದುಟಿಯ ಎರಡೂ ಬದಿಗೆ ಬೆರಳು ತಿರುವಿ ಗಂಡನಿಗೆ ಹೆಸರಿಟ್ಟಳು. ಒಳ್ಳೆಯ ಮನುಷ್ಯ. ಅವಳ ಮಾತನ್ನು ನಮ್ಮ ಕೆಲವು ನೆಂಟರಿಗಿಂತ ಬೇಗ ಕಲಿತ.

ಆದರೆ ಮದುವೆಯಾದ ಮೇಲೆ ಅಕ್ಕ ನಮಗೆ ಮೂಕಿಯಾದಳು. ಅಲ್ಲಿಯವರೆಗೆ ಆಗಿರಲಿಲ್ಲ. ಊರಿಗೆ ಫೋನು ಬಂತು, ಎಲ್ಲರ ಮನೆಯ ಹೆಣ್ಣುಮಕ್ಕಳೂ ತವರಿನ ಜೊತೆ ಮಾತಾಡಿದರು, ನಮ್ಮ ಅಕ್ಕನಿಗೆ ಮಾತ್ರ ಅದು ಒಂದು ಡಬ್ಬಿ. ಅಮ್ಮ ಅವರ ಊರಿನ ಕಿರಾಣಿ ಅಂಗಡಿಗೆ ಫೋನ್ ಮಾಡುತ್ತಿದ್ದಳು. ಅಂಗಡಿಯ ಯಜಮಾನರು ಭಾವನನ್ನು ಕರೆಸುತ್ತಿದ್ದರು. ಭಾವ ಮನೆಗೆ ಹೋಗಿ ಅಕ್ಕನಿಗೆ ಹೇಳಿ, ಅಕ್ಕ ಹೇಳಿದ್ದನ್ನು ಮತ್ತೆ ಬಂದು ಹೇಳುತ್ತಿದ್ದ. "ಚೆನ್ನಾಗಿದಾಳಂತೆ. ನೀವು ಹೆಂಗಿದೀರಿ ಅಂತ ಕೇಳಿದ್ಲು," ಅಷ್ಟೇ. ಅಕ್ಕ ಅರ್ಧ ಗಂಟೆ ಕೈ ಆಡಿಸಿರುತ್ತಾಳೆ ಎಂದು ಅಮ್ಮನಿಗೆ ಗೊತ್ತು. ಫೋನ್ ಇಟ್ಟು, "ಅವನ ಬಾಯಾಗೆ ನನ್ನ ಮಗಳು ಇಷ್ಟೇ ಮಾತಾಡ್ತಾಳೆ," ಎನ್ನುತ್ತಿದ್ದಳು.

ವಿಡಿಯೋ ಕಾಲ್ ಬರುವ ಹೊತ್ತಿಗೆ ಅಪ್ಪ ತೀರಿಕೊಂಡಿದ್ದರು. ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ, ಅಮ್ಮ ನನ್ನ ಜೊತೆಗೇ ಇದ್ದಳು. ಅಕ್ಕನ ಮಗಳೇ ಅವರಮ್ಮನಿಗೆ ಹೊಸ ಫೋನು ಕೊಡಿಸಿ ಹೇಳಿಕೊಟ್ಟಳು. ಮೊದಲ ದಿನ ಪರದೆಯ ಮೇಲೆ ಅಕ್ಕನ ಮುಖ ಮೂಡಿದಾಗ ಅಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು, ಯಾರೋ ಮನೆಗೇ ಬಂದ ಹಾಗೆ. ಅಕ್ಕ ಸ್ವಲ್ಪ ಹೊತ್ತು ನಮ್ಮನ್ನೇ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತ ಭಾವನನ್ನು ತೋರಿಸಿ, ಮೀಸೆ ತಿರುವಿ, ಇವನು ಗೊರಕೆ ಹೊಡೆಯುತ್ತಾನೆ ಎಂದಳು. ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಮಂಚ ನಡುಗುತ್ತದೆ ಎಂದು ತೋರಿಸಿದಳು. ಇಷ್ಟು ವರ್ಷ ಭಾವನ ಮೂಲಕ ಹೇಳಿ ಕಳಿಸಲಾಗದ ಮಾತು ಅದೊಂದೇ ಆಗಿರಲಿಲ್ಲ. ಅವತ್ತು ಎಮ್ಮೆಗಳ ವಿಷಯ, ಓರಗಿತ್ತಿಯ ವಿಷಯ, ಕನಸಿನಲ್ಲಿ ಅಪ್ಪ ಬಂದದ್ದು, ಎಲ್ಲವೂ ಬಂತು. ಅಮ್ಮ ಅತ್ತಳು, ನಾನೂ ಅತ್ತೆ. ಭಾವ ಮಾತ್ರ ಗೊರಕೆಯ ಮಾತಿಗೆ ಇನ್ನೂ ನಾಚಿಕೊಂಡೇ ಕೂತಿದ್ದ.

ಅಲ್ಲಿಂದ ಮುಂದೆ ದಿನಾ ಬೆಳಗಿನ ಕೆಲಸ ಮುಗಿದ ಮೇಲೆ ಅಮ್ಮ ಮತ್ತು ಅಕ್ಕ ಎದುರುಬದುರು. ಅಕ್ಕ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಮಂಚದ ಮೇಲೆ ಕೂರುತ್ತಿದ್ದಳು. ಇಬ್ಬರಿಗೂ ಎರಡೂ ಕೈ ಬೇಕಲ್ಲ. ಎಷ್ಟು ಚೆನ್ನಾಗಿ ನಡೆಯಿತೆಂದರೆ, ಬಸ್ಸು ಹತ್ತಿ ಹೋಗುವುದು ನಿಧಾನಕ್ಕೆ ನಿಂತಿತು. ಮೊದಲು ಹಬ್ಬಕ್ಕೆ, ಬೇಸಿಗೆ ರಜೆಗೆ ಹೋಗುತ್ತಿದ್ದವರು, "ದಿನಾ ನೋಡ್ತೀವಲ್ಲ," ಅನ್ನತೊಡಗಿದೆವು. ಅಮ್ಮನಿಗೆ ಮೊಣಕಾಲು ನೋವು, ನನಗೆ ಶಾಲೆ. ಅಕ್ಕನೂ ಕರೆಯುವುದನ್ನು ಬಿಟ್ಟಳು. ಕಿರಾಣಿ ಅಂಗಡಿಯ ನಂಬರು ಯಾವ ಹಳೆಯ ಫೋನಿನ ಜೊತೆ ಹೋಯಿತೋ ಗೊತ್ತಿಲ್ಲ, ಅದು ಬೇಕೆಂದು ನಮಗೆ ಅನ್ನಿಸಿಯೂ ಇರಲಿಲ್ಲ.

ಅದೊಂದು ಭಾನುವಾರ. ಹಿಂದಿನ ದಿನ ಆ ಕಡೆ ಗಾಳಿ ಮಳೆ ಆಗಿತ್ತಂತೆ, ಅಕ್ಕನ ಚಿತ್ರ ಕಡಿದು ಕಡಿದು ಬರುತ್ತಿತ್ತು. ಒಂದು ಕೈ ಕಾಣಿಸಿದರೆ ಇನ್ನೊಂದು ಕಾಣಿಸದು. ಅಮ್ಮ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು, ನಾನು ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಕ್ಕ ಮೀಸೆ ತಿರುವಿದಳು. ಚಿತ್ರ ಜಿಗಿಯಿತು. ಅಂಗೈ ಮೇಲಾಗಿ ಮಗುಚಿತು, ಮತ್ತು ಅಲ್ಲಿಗೇ ನಿಂತಿತು. ಅವಳ ಕಣ್ಣು ಮುಚ್ಚಿತ್ತು, ಬಾಯಿ ಅಗಲವಾಗಿ ತೆರೆದಿತ್ತು. ಆಮೇಲೆ ಪರದೆ ಕಪ್ಪಾಯಿತು.

ಅಮ್ಮ ನನ್ನ ಕಡೆ ತಿರುಗಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತ, "ಏನಂದ್ಲು?" ಎಂದಳು.

ನನಗೂ ಕಂಡದ್ದು ಅದೇ. ಮೀಸೆ, ಮಗುಚಿದ ಕೈ, ಅಳುವ ಬಾಯಿ. ಮತ್ತೆ ಮತ್ತೆ ಕರೆ ಮಾಡಿದೆ. ಅಕ್ಕನ ಫೋನೂ ಸಿಗಲಿಲ್ಲ, ಭಾವನ ಸಣ್ಣ ಫೋನೂ ಸಿಗಲಿಲ್ಲ. ಎರಡೂ ವ್ಯಾಪ್ತಿ ಪ್ರದೇಶದ ಹೊರಗೆ. ಅವರ ಊರಿನಲ್ಲಿ ಇನ್ನು ಯಾರಿಗೆ ಮಾಡಲಿ? ಅಕ್ಕಪಕ್ಕದವರ ಮುಖ ನೆನಪಿತ್ತು, ಒಬ್ಬರ ನಂಬರೂ ಇರಲಿಲ್ಲ. ಅಕ್ಕನ ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿ ಓದುತ್ತಿದ್ದಳು, ಅಲ್ಲಿ ಹುಡುಗಿಯರ ಕೈಗೆ ಫೋನು ಕೊಡುತ್ತಿರಲಿಲ್ಲ, ವಾರ್ಡನ್ನಿಗೇ ಮಾಡಬೇಕು. ಖಚಿತ ಗೊತ್ತಿಲ್ಲದೆ ಆ ಮಗುವಿಗೆ ಏನೆಂದು ಹೇಳುವುದು ಎಂದು ಸುಮ್ಮನಾದೆ.

ನಾನು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅಮ್ಮ ಚನ್ನಗಿರಿಗೆ ಫೋನ್ ಮಾಡಿಬಿಟ್ಟಿದ್ದಳು. ಅಲ್ಲಿ ನಮ್ಮ ಚಿಕ್ಕಪ್ಪನ ಮಗ ಇದ್ದಾನೆ, ಮೊಬೈಲ್ ರಿಪೇರಿ ಅಂಗಡಿ. ನಮ್ಮ ಕುಟುಂಬದ ವಾಟ್ಸಾಪ್ ಗುಂಪು ಮಾಡಿದವನೂ ಅವನೇ. ಅಮ್ಮ ಅಳುತ್ತ ಏನು ಹೇಳಿದಳೋ, ಅವನು ಏನು ಕೇಳಿಸಿಕೊಂಡನೋ.

ಎದುರುಮನೆಯಲ್ಲಿ ಗಾದಿ ಹೊಲಿಯುವ ಸಾಹೇಬರಿದ್ದಾರೆ. ಗಾದಿ ಸಾಗಿಸಲು ಒಂದು ಹಳೆಯ ವ್ಯಾನು ಇಟ್ಟುಕೊಂಡಿದ್ದಾರೆ. ಅಮ್ಮನ ಅಳು ಕೇಳಿ ಅವರೇ ಬಂದರು. ವಿಷಯ ತಿಳಿದ ಮೇಲೆ ಹೆಚ್ಚು ಕೇಳಲಿಲ್ಲ, ಹಿಂದಿನ ಹತ್ತಿ ಮೂಟೆಗಳನ್ನು ಇಳಿಸಿ, ಅಮ್ಮನಿಗೆ ಕಾಲು ಚಾಚಲು ಒಂದು ಗಾದಿ ಹಾಸಿ ಬಾಗಿಲು ತೆರೆದರು. ಹೊನ್ನಾಳಿ ದಾಟಿದ ಮೇಲೆ ಸಾಹೇಬರು ಹೇಳಿದರು:

"ಅಮ್ಮಾರೆ, ಖಬರು ಪೂರ್ತಿ ಬಂದಿಲ್ಲ. ಅರ್ಧ ಖಬರಿಗೆ ಯಾಕೆ ಅಳ್ತೀರಿ? ಹೋಗಾಕೆ ಹತ್ತೀವಲ್ಲ."

"ನನ್ನ ಮಗಳ ಕೈ ನಂಗೆ ಗೊತ್ತಾಗಲ್ಲೇನಪ್ಪ?" ಎಂದಳು ಅಮ್ಮ.

ದಾವಣಗೆರೆ ದಾಟುವಷ್ಟರಲ್ಲಿ ನನ್ನ ಫೋನು ಬಿಡುವಿಲ್ಲದೆ ಸದ್ದು ಮಾಡತೊಡಗಿತು. ಗುಂಪಿನಲ್ಲಿ ಚಿಕ್ಕಪ್ಪನ ಮಗ ಬರೆದಿದ್ದ: 'ಭಾವನವರು ಇನ್ನಿಲ್ಲ.' ಕೆಳಗೆ ಕೈಮುಗಿದ ಚಿತ್ರಗಳು, ಸಾಲು ದೀಪಗಳು. ಸ್ವಲ್ಪ ಹೊತ್ತಿಗೆ ಒಂದು ಪೋಸ್ಟರೂ ಬಂತು. ಅಕ್ಕನ ಮದುವೆಯ ಫೋಟೋದಿಂದ ಭಾವನ ಮುಖವನ್ನಷ್ಟೇ ಕತ್ತರಿಸಿ, ಸುತ್ತ ಹೂವಿನ ಚೌಕಟ್ಟು ಹಾಕಿ, ಕೆಳಗೆ ದಪ್ಪ ಅಕ್ಷರದಲ್ಲಿ ಭಾವಪೂರ್ಣ ಶ್ರದ್ಧಾಂಜಲಿ. ಬಾಸಿಂಗದ ಅಂಚು ಹಣೆಯ ಮೇಲೆ ಹಾಗೇ ಉಳಿದಿತ್ತು. ಸೂಳೆಕೆರೆ ಕಡೆಯ ಸೋದರತ್ತೆ ದನಿ ಮುದ್ರಿಸಿ ಕಳಿಸಿದ್ದಳು. ಮೊದಲಿಂದ ಕೊನೆಯವರೆಗೆ ಅಳು, ಕೊನೆಯಲ್ಲಿ ಒಂದೇ ಪ್ರಶ್ನೆ: "ಮಣ್ಣು ಎಷ್ಟೊತ್ತಿಗೆ?"

ಇನ್ನೂ ಏನೂ ಖಚಿತವಿಲ್ಲ ಎಂದು ಬರೆದೆ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಸಾಲಿನ ಕೆಳಗೆ ಮತ್ತೂ ದೀಪಗಳು ಬರುತ್ತಲೇ ಇದ್ದವು. ಆ ಪೋಸ್ಟರನ್ನು ಅಮ್ಮನಿಗೆ ತೋರಿಸಲಿಲ್ಲ, ಆದರೆ ನಿಜ ಹೇಳಬೇಕೆಂದರೆ ಅದನ್ನು ನೋಡಿದ ಮೇಲೆ ನಾನೇ ನಂಬಿಬಿಟ್ಟೆ. ಹೂವಿನ ಚೌಕಟ್ಟಿನಲ್ಲಿ ಕಂಡ ಮನುಷ್ಯ ಬದುಕಿದ್ದಾನೆ ಎಂದುಕೊಳ್ಳುವುದು ಕಷ್ಟ.

ಬಿಳಿಚೋಡು ಬಿಟ್ಟು ಒಳದಾರಿ ಹಿಡಿದಾಗ ಮಧ್ಯಾಹ್ನದ ಬಿಸಿಲು ಬಂದಿತ್ತು. ರಸ್ತೆ ಬದಿಯಲ್ಲಿ ಕುರಿಗಳು ನಿಧಾನಕ್ಕೆ ಸರಿದು ಜಾಗ ಬಿಟ್ಟವು. ಅಕ್ಕನ ಮನೆಯ ಮುಂದೆ ಜನ ಸೇರಿರಲಿಲ್ಲ. ಅಂಗಳದಲ್ಲಿ ಒಂದು ಎಮ್ಮೆ ಮೆಲುಕು ಹಾಕುತ್ತಿತ್ತು. ಅಮ್ಮ ವ್ಯಾನು ಪೂರ್ತಿ ನಿಲ್ಲುವ ಮೊದಲೇ ಇಳಿಯಲು ಹೋದಳು. ಸಾಹೇಬರು ಬ್ರೇಕ್ ಒತ್ತಿ, ಇಳಿದು ಓಡಿಬಂದು ಕೈ ಹಿಡಿದರು.

ಬಾಗಿಲಿಗೆ ಬಂದವನು ಭಾವ. ಮೊಣಕೈವರೆಗೆ ಜೋಳದ ಹಿಟ್ಟು, ಮೀಸೆಗೂ ಒಂದಿಷ್ಟು ಮೆತ್ತಿತ್ತು.

"ಅಯ್ಯೋ, ಬರ್ರಿ ಬರ್ರಿ. ಏನ್ರಿ ಇದು, ಹೇಳದೆ ಕೇಳದೆ?"

ಅಮ್ಮ ಹತ್ತಿರ ಹೋಗಿ ಅವನ ಎರಡೂ ತೋಳು ಹಿಡಿದು ಅದುಮಿ ನೋಡಿದಳು. ಆಮೇಲೆ ಹೊಸ್ತಿಲ ಮೇಲೇ ಕೂತಳು. ಭಾವನಿಗೆ ಏನೂ ಅರ್ಥವಾಗದೆ ನನ್ನ ಮುಖ ನೋಡಿದ. ನಾನು ಹೇಳಿದೆ. ಹೇಳುವಾಗ ನಗು ಬಂತು, ಅರ್ಧಕ್ಕೆ ಬಿಟ್ಟು ಮತ್ತೆ ಮೊದಲಿಂದ ಹೇಳಿದೆ. ಅವನು ಹಿಟ್ಟಿನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ.

"ಟವರ್ ಕೆಟ್ಟೈತ್ರಿ, ನಿನ್ನೆ ಗಾಳಿಗೆ. ಬೆಳಿಗ್ಗೆ ಒಂಚೂರು ಬಂದು ಹೋತು," ಎಂದ.

ಒಳಗೆ ಅಕ್ಕ ಮಂಚದ ಮೇಲಿದ್ದಳು. ನಮ್ಮನ್ನು ಕಂಡು ಅವಳ ಮುಖ ಅರಳಿತು, ಮರುಕ್ಷಣ ಗಾಬರಿಯಾಯಿತು. ಸೊಂಟದಿಂದ ಕೆಳಗೆ ಇದ್ದ ಕೌದಿಯನ್ನು ಸರಸರ ಎಳೆದುಕೊಂಡಳು. ಯಾಕೆಂದು ಆಗ ನಾವು ಯೋಚಿಸಲಿಲ್ಲ. ಅಮ್ಮ ಅವಳೆದುರು ನಿಂತು ಮೀಸೆ ತಿರುವಿ, ಅಂಗೈ ಮಗುಚಿ, ಹೀಗೆ ಹೇಳಿದೆಯಲ್ಲ ಎಂದು ಕೇಳಿದಳು. ಅಕ್ಕ ಇಲ್ಲ ಇಲ್ಲ ಎಂದು ತಲೆಯಾಡಿಸಿ ಅದೇ ಮಾತನ್ನು ಪೂರ್ತಿಯಾಗಿ ಹೇಳಿದಳು: ಮೀಸೆ, ಎರಡೂ ಅಂಗೈಯಿಂದ ತಟಪಟ ತಟ್ಟುವುದು, ಹಂಚಿನ ಮೇಲೆ ಹಾಕುವುದು, ಮಗುಚುವುದು. ಕೊನೆಗೆ ಮೂಗು ಮುಚ್ಚಿಕೊಂಡು ಹೊಗೆ ತೋರಿಸಿದಳು. ಗಂಡ ರೊಟ್ಟಿ ಸುಡುತ್ತಿದ್ದಾನೆ, ಮಗುಚುವಷ್ಟರಲ್ಲಿ ಕರಕಲಾಗುತ್ತದೆ ಎಂದು ನಕ್ಕು ನಕ್ಕು ಹೇಳುತ್ತಿದ್ದಳಂತೆ. ಚಿತ್ರ ಜಿಗಿದಾಗ ಆ ತಟ್ಟುವುದು ನಮ್ಮ ಪರದೆಗೆ ಬರಲೇ ಇಲ್ಲ. ನಗುವಿಗೂ ಅಳುವಿಗೂ ಬಾಯಿ ಒಂದೇ ಥರ ಅಗಲವಾಗುತ್ತದೆ ಎಂಬುದು ನನಗೆ ಅವತ್ತು ಹೊಳೆಯಿತು.

ಅಷ್ಟರಲ್ಲಿ ಅಕ್ಕಿ ಡಬ್ಬಿಯ ಪಕ್ಕದಲ್ಲಿದ್ದ ಫೋನು ಸದ್ದು ಮಾಡಿತು, ಬಿಡದೆ ಮಾಡುತ್ತಲೇ ಹೋಯಿತು. ಟವರ್ ಬಂದಿತ್ತು. ಭಾವ ಲುಂಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡ. ನಾನು ಕಿತ್ತುಕೊಳ್ಳಬೇಕೆಂದು ಹೋದೆ, ಅಷ್ಟರಲ್ಲಿ ಅವನು ನೋಡಿಯಾಗಿತ್ತು. ತನ್ನ ಹೂವಿನ ಚೌಕಟ್ಟನ್ನು ದೂರ ಹಿಡಿದು ಬಹಳ ಹೊತ್ತು ನೋಡಿದ.

"ಫೋಟೋ ಚೆನ್ನಾಗೈತೆ," ಎಂದ. ಆಮೇಲೆ ಒಬ್ಬೊಬ್ಬರು ಬರೆದದ್ದನ್ನೂ ಓದುತ್ತ ಹೋದ. ನಮ್ಮ ದೊಡ್ಡಪ್ಪನ ಮಗನೊಬ್ಬ ಅವನನ್ನು ಅಜಾತಶತ್ರು ಎಂದು ಬರೆದಿದ್ದ. "ಇವ್ರು ಮೆಕ್ಕೆಜೋಳ ಒಕ್ಕೋ ವಿಷಯಕ್ಕೆ ನನ್ನ ಜೊತಿ ಮಾತು ಬಿಟ್ಟಿದ್ರು. ಸತ್ತ ಮ್ಯಾಲೆ ಮಾತಾಡಾಕೆ ಹತ್ಯಾರೆ." ನಗುತ್ತಲೇ ಹೇಳಿದ. ಆದರೆ ಸೋದರತ್ತೆಯ ಅಳು ಕೇಳಿಸಿದಾಗ ಅವನ ಮುಖ ಬದಲಾಯಿತು. ಫೋನನ್ನು ಕೆಳಗಿಟ್ಟು, "ಹಾಸ್ಟೆಲಿಗೆ ಯಾರೂ ಹೇಳಿಲ್ಲ ತಾನೆ?" ಎಂದು ಕೇಳಿದ. ಅವತ್ತು ಅವನಿಗೆ ನಿಜವಾಗಿ ಹೆದರಿಕೆಯಾದದ್ದು ಅದೊಂದಕ್ಕೆ. ಆ ಕ್ಷಣವೇ ವಾರ್ಡನ್ನಿಗೆ ಫೋನ್ ಮಾಡಿ ಮಗಳ ದನಿ ಕೇಳಿದ ಮೇಲೆಯೇ ಕೂತ.

ರೊಟ್ಟಿಯನ್ನು ಭಾವ ಯಾಕೆ ಮಾಡುತ್ತಾನೆ ಎಂದು ಮೊದಲು ಕೇಳಿದವಳು ಅಮ್ಮ. ಭಾವನ ಕಣ್ಣು ಕೌದಿಯ ಕಡೆ ಹೋಯಿತು. ಅಮ್ಮ ಕೌದಿ ಎತ್ತಿದಳು. ಅಕ್ಕನ ಬಲಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿತ್ತು. ದನ ನೀರು ಕುಡಿಯುವ ಬಾನಿಯ ಹತ್ತಿರ ಎಮ್ಮೆ ಹಗ್ಗ ಎಳೆದಾಗ ಬಿದ್ದಿದ್ದಳಂತೆ. ಬಿದ್ದ ಮೇಲೂ ದಿನಾ ನಮ್ಮೆದುರು ಕೂತಿದ್ದಾಳೆ, ದಿನಾ ಮಾತಾಡಿದ್ದಾಳೆ. ಪರದೆಯಲ್ಲಿ ಬರುತ್ತಿದ್ದುದು ಸೊಂಟದಿಂದ ಮೇಲಷ್ಟೇ.

ಅಮ್ಮನ ಕೈಗಳು ಅಷ್ಟು ಸಿಟ್ಟಿನಲ್ಲಿ ಆಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಯಾಕೆ ಹೇಳಲಿಲ್ಲ ಎಂದಳು. ಅಕ್ಕ ಅಮ್ಮನ ಮೊಣಕಾಲು ಮುಟ್ಟಿ, ಬಸ್ಸು ತೋರಿಸಿ, ಕಣ್ಣೀರು ತೋರಿಸಿದಳು: ಹೇಳಿದರೆ ನೀನು ಈ ಕಾಲಿನಲ್ಲಿ ಅಳುತ್ತ ಬಸ್ಸು ಹತ್ತುತ್ತಿದ್ದೆ. ಈಗ ಬರಲಿಲ್ಲವೇ ಎಂದು ಅಮ್ಮ ನೆಲ ತೋರಿಸಿದಳು. ಮತ್ತೆ ಜಗಳವೂ ಇಲ್ಲ, ಸಮಾಧಾನವೂ ಇಲ್ಲ. ಮಂಚದ ತುದಿಯಲ್ಲಿ ಕೂತು ಮಗಳ ಪ್ಲಾಸ್ಟರಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಅಕ್ಕನ ತಲೆಯಲ್ಲಿ ಎಷ್ಟೊಂದು ಬಿಳಿ ಕೂದಲಾಗಿತ್ತು. ಫೋನಿನಲ್ಲಿ ಅದು ನಮಗೆ ಕಂಡೇ ಇರಲಿಲ್ಲ.

ಉಳಿದ ರೊಟ್ಟಿಯನ್ನು ನಾನು ತಟ್ಟಿದೆ. ಸಾಹೇಬರು ಭಾವ ಮಾಡಿದ್ದನ್ನೇ ಕೇಳಿ ಹಾಕಿಸಿಕೊಂಡರು. "ಅಷ್ಟೇನೂ ಸುಟ್ಟಿಲ್ಲ ಬಿಡ್ರಿ," ಎಂದರು. ಊಟವಾದ ಮೇಲೆ ಭಾವನ ಪಕ್ಕದಲ್ಲಿ ಪ್ಲಾಸ್ಟರಿನ ಅಕ್ಕನನ್ನೂ ಅಮ್ಮನನ್ನೂ ಕೂರಿಸಿ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಚನ್ನಗಿರಿಯ ತಮ್ಮ ಫೋನ್ ಮಾಡಿ ಭಾವನ ಹತ್ತಿರ, "ತಪ್ಪಾತು ಭಾವ, ದೊಡ್ಡಮ್ಮ ಅಳೋದು ಕೇಳಿ ಗಾಬ್ರಿ ಆಗಿಬಿಡ್ತು," ಎಂದ. ಪೋಸ್ಟರನ್ನು ಅಳಿಸಿಹಾಕಿದ, ಆದರೆ ಅದು ಆಗಲೇ ಬೇರೆ ಬೇರೆ ಗುಂಪುಗಳಿಗೆ ದಾಟಿಹೋಗಿತ್ತು. ಎಷ್ಟೋ ದಿನದ ಮೇಲೂ ಜಗಳೂರಿನ ಸಂತೆಯಲ್ಲಿ ಭಾವನನ್ನು ಕಂಡು ಯಾರೋ ನಿಂತುಬಿಟ್ಟರಂತೆ.

ಹೊರಡುವ ಮುಂಚೆ ಭಾವನ ಜೊತೆ ಕಿರಾಣಿ ಅಂಗಡಿಗೆ ಹೋದೆ. ಹಳೆಯ ಯಜಮಾನರ ಸೊಸೆ ಅಂಗಡಿ ನೋಡಿಕೊಳ್ಳುತ್ತಿದ್ದಳು. ಅವಳ ನಂಬರು, ಅಕ್ಕನ ಪಕ್ಕದ ಮನೆಯವರ ನಂಬರು ತೆಗೆದುಕೊಂಡೆ. ಫೋನನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಅದು ಬರುವ ಮುಂಚೆ ನನ್ನ ಅಕ್ಕ ಬೇರೆಯವರ ಬಾಯಿಯಲ್ಲಿ ಎರಡು ಮಾತಿನ ಹೆಂಗಸಾಗಿದ್ದಳು. ಆದರೆ ಅದು ಬಂದ ಮೇಲೆ ನಾವು ಉಳಿದ ದಾರಿಗಳನ್ನೆಲ್ಲ ಬಿಟ್ಟುಬಿಟ್ಟಿದ್ದೆವು. ಅವನ್ನು ನಮ್ಮಿಂದ ಯಾರೂ ಬಿಡಿಸಿದ್ದಲ್ಲ.

ಅಮ್ಮ ನನ್ನ ಜೊತೆ ವಾಪಸು ಬರಲಿಲ್ಲ. "ಪ್ಲಾಸ್ಟರ್ ತೆಗೆಯೋ ತನಕ ಇರ್ತೀನಿ. ನೀನು ಬಟ್ಟೆ ಕಳಸು," ಎಂದಳು. ಸಾಹೇಬರು ವ್ಯಾನಿನಲ್ಲಿ ಹಾಸಿದ್ದ ಗಾದಿಯನ್ನು ಅಲ್ಲೇ ಇಳಿಸಿ, ಅಮ್ಮಾರಿಗೆ ಬೇಕಾಗ್ತದೆ ಎಂದು ಬಿಟ್ಟುಬಂದರು.

ಮರುದಿನ ಶಾಲೆಯಿಂದ ಬಂದು ನಾನೇ ಕರೆ ಮಾಡಿದೆ. ಪರದೆಯಲ್ಲಿ ಇಬ್ಬರೂ ಕಾಣಿಸಿದರು. ಅಮ್ಮ ನನಗೆ ಏನೋ ಹೇಳಲು ಶುರುಮಾಡಿದಳು, ಅಕ್ಕ ಹಾಗಲ್ಲ ಹೀಗೆ ಎಂದು ಅವಳ ಕೈ ಹಿಡಿದು ತಡೆದಳು, ಅಮ್ಮ ಅವಳ ಕಡೆ ತಿರುಗಿ ವಾದಕ್ಕಿಳಿದಳು. ಓರಗಿತ್ತಿಯ ವಿಷಯ ಇರಬೇಕು. ಇಬ್ಬರಿಗೂ ನಾನು ಇದ್ದದ್ದು ಮರೆತೇಹೋಯಿತು. ನಾನು ಚಹಾ ಮಾಡಿಕೊಂಡು ಬಂದು ಕೂತೆ. ಅವರಿನ್ನೂ ಮಾತಾಡುತ್ತಲೇ ಇದ್ದರು.