ನೀಲಿ ಮೀನು ಬಾರದೆ ಹೋದದ್ದಕ್ಕೆ ಕಾರಣ

ಋತ್ವಿಕ್, ಸಾನ್ವಿ, ನಮ್ಮ ಮನೆಗೆ ನೀಲಿ ಮೀನು ಬಾರದೆ ಹೋದದ್ದು ಈ ಅಜ್ಜಿಯಿಂದ. ಹಾಗಂತ ಇದನ್ನು ಕ್ಷಮೆ ಕೇಳುವ ಕಾಗದ ಎಂದು ತಿಳಿಯಬೇಡಿ. ನನಗೆ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಇಳಿದಿಲ್ಲ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರ ಎದುರು ಮಾತಾಡಬೇಕೆಂದರೆ ಎದ್ದು ಒಳಗೆ ಹೋಗಿಬಿಡುತ್ತೇನೆ. ಅದಕ್ಕೆ ಊರಿನ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಆ ಧೈರ್ಯದ ಮೇಲೆಯೇ ಇಷ್ಟು ಜೋರಾಗಿ ಬರೆಯುತ್ತಿರುವುದು.

ನಿಮ್ಮ ಅಪ್ಪ ಸುಧೀರನಿಗೆ ನಮ್ಮ ಘಣಸೋಲಿಯ ಮನೆಯ ಹಾಲ್‌ನಲ್ಲಿ ಒಂದು ಸಮುದ್ರ ಇಡಬೇಕೆಂಬ ಆಸೆ ಹುಟ್ಟಿತು. ಮೀನಿನ ತೊಟ್ಟಿ ಎಂದರೆ ಅವನಿಗೆ ಅವಮಾನ. "ಅಮ್ಮ, ಇದು ಫಿಶ್ ಟ್ಯಾಂಕ್ ಅಲ್ಲ, ರೀಫ್ ಟ್ಯಾಂಕ್. ಇದರಲ್ಲಿ ಹವಳ ಬೆಳೀತದೆ," ಎಂದ. ಬೆಳೆಯಲಿ. ಸಮುದ್ರದ ಬದಿಯಲ್ಲಿ ಹುಟ್ಟಿ ಬೆಳೆದವಳಿಗೆ ಸಮುದ್ರದ ಮೇಲೆ ಏನು ದ್ವೇಷ? ಆದರೆ ಈ ಸಮುದ್ರ ತಯಾರಾಗುವ ರೀತಿ ಕೇಳಿ. ನಲ್ಲಿಯ ನೀರಿನಲ್ಲಿರುವುದನ್ನೆಲ್ಲ ಒಂದು ಯಂತ್ರದಿಂದ ಸೋಸಿ ತೆಗೆಯಬೇಕು. ಒಂದು ಕೊಡ ಒಳ್ಳೆಯ ನೀರು ಬರುವಷ್ಟರಲ್ಲಿ ಅದು ಮೂರು ಕೊಡ ಹೊರಗೆ ಚೆಲ್ಲುತ್ತದೆ. ಹಾಗೆ ಕಷ್ಟಪಟ್ಟು ಸಪ್ಪೆ ಮಾಡಿದ ನೀರಿಗೆ ಮತ್ತೆ ಚೀಲದ ಉಪ್ಪು ಸುರಿದು ಕದಡಬೇಕು. ಸ್ವಲ್ಪ ದೂರದಲ್ಲೇ ಸಮುದ್ರ ಒಳಗೆ ಚಾಚಿದ ಖಾಡಿ ಇದೆ, ಅದರಲ್ಲಿ ದಿನಕ್ಕೆರಡು ಸಲ ಉಪ್ಪುನೀರು ತಾನಾಗಿ ಏರುತ್ತದೆ. ಅದು ಕೊಳಕಂತೆ, ಅದರಲ್ಲಿ ಹವಳ ಸಾಯುತ್ತದಂತೆ. ಅದು ಸರಿಯೇ ಇರಬಹುದು. ಆದರೂ ಯಂತ್ರ ಚೆಲ್ಲುವ ನೀರನ್ನು ನೋಡುತ್ತಾ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. ಬಕೆಟ್ ಇಟ್ಟು ಹಿಡಿದೆ. ಅಂದಿನಿಂದ ನಮ್ಮ ಮನೆಯ ನೆಲ ಇಷ್ಟು ಹೊಳೆಯುವುದು ಆ ನೀರಿನಿಂದ, ನಿಮಗೆ ಗೊತ್ತಿರಲಿ.

ವಾರಕ್ಕೊಮ್ಮೆ ಬಾಗಿಲಿಗೆ ಬರುವ ಮೀನಿನ ಹೆಂಗಸು ಈ ಸುದ್ದಿ ಕೇಳಿ ಬುಟ್ಟಿ ಇಳಿಸಿ ಕೂತುಬಿಟ್ಟಳು. "ಖಾಯ್‌ಚೇ ನಾಹೀತ್, ತರ್ ಮಗ್ ಕಶಾಲಾ, ಆಜಿ?" ಎಂದು ಕೇಳಿದಳು. ತಿನ್ನುವುದಕ್ಕಲ್ಲದಿದ್ದರೆ ಮತ್ತೆ ಯಾಕೆ ಎಂದು. ನಾನು ಬಂಗುಡೆಯ ತಟ್ಟೆ ಹಿಡಿದು ನಿಂತಿದ್ದೆ. "ನೋಡಲಿಕ್ಕೆ," ಎಂದೆ ಮೆಲ್ಲಗೆ. ಅವಳು ತನ್ನ ಬುಟ್ಟಿಯನ್ನೂ ನನ್ನನ್ನೂ ಒಮ್ಮೆ ನೋಡಿ, ಒಂದು ಬಂಗುಡೆ ಹೆಚ್ಚಿಗೆ ಹಾಕಿ ಹೋದಳು. ಪಾಪ ಅನ್ನಿಸಿರಬೇಕು.

ರಾತ್ರಿ ಊಟದ ಹೊತ್ತಿಗೆಲ್ಲ ಮೀನಿನದೇ ಪುರಾಣ. ಋತ್ವಿಕ್, ನಿನಗಂತೂ ನೀಲಿ ಮೀನೇ ಬೇಕಿತ್ತು. ಮೀನಿಗೆ ಬಿಸಿ ಹೆಚ್ಚಾಗಬಾರದು, ತಂಪು ಹೆಚ್ಚಾಗಬಾರದು, ಗಾಜನ್ನು ಯಾರೂ ತಟ್ಟಬಾರದು. ಅಂಗಡಿಯಿಂದ ತಂದ ಮೀನನ್ನು ನೇರವಾಗಿ ತೊಟ್ಟಿಗೆ ಬಿಡಬಾರದು. ಅದು ಬಂದ ನೀರಿಗೆ ನಮ್ಮ ನೀರನ್ನು ಹನಿಹನಿಯಾಗಿ ಬೆರೆಸುತ್ತಾ, ಹೊಸ ಮನೆ ಮೈಗೆ ಒಗ್ಗಿದ ಮೇಲೆ ಬಿಡಬೇಕು. ನಾನು ಅನ್ನ ಕಲಸುತ್ತಾ ಕೇಳುತ್ತಿದ್ದೆ. ಮದುವೆಯಾಗಿ ಊರಿನಿಂದ ಡೊಂಬಿವಲಿಯ ಚಾಳಿಗೆ ಬಂದ ದಿನ ನನಗೆ ಯಾರೂ ಹನಿಹನಿಯಾಗಿ ಏನನ್ನೂ ಬೆರೆಸಲಿಲ್ಲ. ಬಾಗಿಲು ದಾಟಿದ್ದೇ ಮೋರಿಯ ಮುಂದೆ ಕೂರಿಸಿದರು. ಒಂದೇ ಕೋಣೆಯ ಮನೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಗೇಣುದ್ದದ ಕಟ್ಟೆಗೆ ಮೋರಿ ಎನ್ನುತ್ತಾರೆ. ಪಾತ್ರೆಯ ರಾಶಿ ಎದುರಿಗಿತ್ತು, ಭಾಷೆ ಬರುತ್ತಿರಲಿಲ್ಲ. ಒಗ್ಗಿದೆ, ಇನ್ನೇನು ಮಾಡುವುದು?

"ಕೆಲವು ಜಾತಿಯಲ್ಲಿ ಎರಡು ಮೀನನ್ನು ಒಂದೇ ತೊಟ್ಟಿಯಲ್ಲಿ ಬಿಡಬಾರದು ಅಮ್ಮ, ಕಚ್ಚಾಡಿ ಸಾಯ್ತಾವೆ," ಎಂದ ಸುಧೀರ.

ನಿಮ್ಮ ಅಮ್ಮ ಶೈಲಾ ಧಾರವಾಡದ ಕಡೆಯವಳು, ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡುವವಳಲ್ಲ. ರೊಟ್ಟಿ ತಟ್ಟುತ್ತಲೇ ಅಂದಳು: "ಮತ್ತ ಒಂದ ಅಡಗಿಮನ್ಯಾಗ ಅತ್ತಿ, ಸೊಸಿ ಇಬ್ಬರನೂ ಹೆಂಗ ಬಿಟ್ರಿ ನೀವು?"

ನಾನು ನಕ್ಕೆ. ನಗುವಾಗ ನನಗಿನ್ನೂ ನಕ್ಷೆಯ ವಿಷಯ ಗೊತ್ತಿರಲಿಲ್ಲ.

ನಕ್ಷೆಯನ್ನು ಸುಧೀರ ತಾನೇ ಬರೆದಿದ್ದ. ದೊಡ್ಡ ಹಾಳೆಯಲ್ಲಿ ಹಾಲ್, ಅಡುಗೆಮನೆ, ಪೈಪು, ಅದರ ಬಾಗು, ತಿರುವು, ಎಲ್ಲ ಅಂದವಾಗಿ ಇತ್ತು. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ. ಅದರ ಅಂಚಿನಿಂದ ತುಂಬಿ ಚೆಲ್ಲುವ ನೀರು ಪೈಪಿನಲ್ಲಿ ಇಳಿದು, ಶೈಲಾಳ ಅಡುಗೆ ಕಟ್ಟೆಯ ಕೆಳಗೆ ಹಾದು, ಗೋಡೆ ಕೊರೆದು, ಅಡುಗೆಮನೆಗೆ ತಾಗಿದ ಪುಟ್ಟ ಡ್ರೈ ಬಾಲ್ಕನಿಗೆ ಬರಬೇಕು. ಅಲ್ಲಿ ಇನ್ನೊಂದು ತೊಟ್ಟಿ, ಅವನ ಮಾತಿನಲ್ಲಿ ಸಂಪ್. ಕೊಳೆ ಸೋಸುವುದು, ನೀರಿನ ಹದ ಕಾಯ್ದುಕೊಳ್ಳುವುದು ಎಲ್ಲ ಅಲ್ಲಿ. ಅಲ್ಲಿಂದ ಪಂಪು ನೀರನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಇದನ್ನೆಲ್ಲ ಹೊರಲು ಕಳಂಬೋಲಿಯ ಕಬ್ಬಿಣದ ಪೇಟೆಯಿಂದ ಸ್ಟ್ಯಾಂಡಿಗೆ ಸಾಮಾನು ಬರುವುದೂ ನಿಶ್ಚಯವಾಗಿತ್ತು.

ನಕ್ಷೆಯಲ್ಲಿ ಡ್ರೈ ಬಾಲ್ಕನಿಯ ಮೂಲೆಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ನಿನ್ನನ್ನು ಕೇಳಿದೆ, ಸಾನ್ವಿ, ನಿನಗೆ ನೆನಪಿರಲಾರದು. ನೀನು ಓದಿ, "ವಹಾಂ ತೋ ಖಾಲಿ ಜಗಹ್ ಹೈ, ಅಜ್ಜಿ," ಎಂದು ಹೇಳಿ ಆಡಲು ಓಡಿದೆ. ನಿನ್ನದೇನೂ ತಪ್ಪಿಲ್ಲ, ಬರೆದದ್ದನ್ನು ಓದಿದೆ.

ಖಾಲಿ ಜಾಗ. ನೀವೆಲ್ಲ ಶಾಲೆಗೆ, ಆಫೀಸಿಗೆ ಹೋದ ಮೇಲೆ ನಾನು ಮಣೆ ಹಾಕಿ ಕೂರುವ ಜಾಗ ಅದು. ತುರಿಮಣೆ, ಸೊಪ್ಪಿನ ಬುಟ್ಟಿ, ಅಕ್ಕಿಯ ಮೊರ ಎಲ್ಲ ಅಲ್ಲಿಗೇ ಬರುತ್ತವೆ. ಸರಳುಗಳ ನಡುವೆ ಗುಡ್ಡದ ಬೆನ್ನು ಕಾಣುತ್ತದೆ. ಅದರಾಚೆ ಮುಂಬ್ರಾ, ಅದರಾಚೆಗೆ ಡೊಂಬಿವಲಿ. ಡೊಂಬಿವಲಿ ಕಾಣುವುದಿಲ್ಲ, ಆದರೆ ಯಾವ ದಿಕ್ಕಿಗೆ ಎಂದು ಗೊತ್ತಿದ್ದರೆ ನನಗೆ ಸಾಕು. ನಿಮ್ಮ ಅಜ್ಜ ಅಲ್ಲಿ ಸ್ಟೇಷನ್ ಹತ್ತಿರದ ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದರು. ಕಾಯಿ ತುರಿಯುತ್ತಾ ನಾನು ಅವರಿಗೆ ದಿನದ ಸುದ್ದಿ ಹೇಳುತ್ತೇನೆ. ಅವರು ಬದುಕಿದ್ದಾಗಲೂ ಉತ್ತರ ಕೊಡುವ ಜನ ಅಲ್ಲ, ಹಾಗಾಗಿ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ.

ನಮ್ಮೂರ ಶಾಲೆಯಲ್ಲಿ ಮಾಸ್ತರರು ಊರಿನ ನಕ್ಷೆ ಬರೆಯಲು ಹೇಳಿದ್ದರು. ನಾನು ಶಾಲೆ, ಬಾವಿ, ಗುಡಿ ಬರೆದು ಉಳಿದದ್ದನ್ನು ಬಿಳಿ ಬಿಟ್ಟೆ. ಮಾಸ್ತರರು ಆ ಬಿಳಿಯ ಮೇಲೆ ಬೆರಳಿಟ್ಟು, ಇಲ್ಲಿ ಯಾರೂ ಇಲ್ಲವೇನೆ, ಅಥವಾ ನೀನು ಆ ಕಡೆ ಹೋಗಿಲ್ಲವೋ ಎಂದು ಕೇಳಿದರು. ನಾನು ಹೋಗಿರಲಿಲ್ಲ. ಮರುದಿನ ಹೋಗಿ ನೋಡಿದರೆ ಅಲ್ಲಿ ಮನೆಗಳಿದ್ದವು, ಒಂದು ಮನೆಯ ಅಂಗಳದಲ್ಲಿ ಮಗುವನ್ನು ಮೀಯಿಸುತ್ತಿದ್ದರು. ನನ್ನ ಮಗ ದೊಡ್ಡ ಕಾಲೇಜಿನಲ್ಲಿ ಓದಿದವನು. ಅವನಿಗೆ ಅಂಥ ಮಾಸ್ತರರು ಯಾರೂ ಸಿಗಲಿಲ್ಲವೆಂದು ಕಾಣುತ್ತದೆ.

ಆ ವಾರವಿಡೀ ನಾನು ಯಾರಿಗೂ ಏನೂ ಹೇಳಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ಅಷ್ಟೆ. ಮನಸ್ಸಿನಲ್ಲಿ ಮಾತ್ರ ದೊಡ್ಡ ದೊಡ್ಡ ಭಾಷಣ ಮಾಡಿದೆ. ಆಹಾ, ಮೀನಿಗೆ ಈಜಲು ಉದ್ದ ಬೇಕು, ಹವಳಕ್ಕೆ ಬೆಳಕು ಬೇಕು, ಕೊಳೆ ನೀರಿಗೂ ಕೂರಲು ಜಾಗ ಬೇಕು. ಮಣೆಯಷ್ಟಗಲದ ನೆಲ ಬೇಕಾದವಳು ಮಾತ್ರ ಲೆಕ್ಕಕ್ಕಿಲ್ಲ.

ಭಾನುವಾರ ಪೈಪ್ ಕೆಲಸದವನು ಗೋಡೆ ಕೊರೆಯುವ ಯಂತ್ರ ಹಿಡಿದು ಬಂದ. ಅವತ್ತು ನಾನು ಬೇಕೆಂದೇ ಬೆಳಿಗ್ಗೆಯಿಂದ ಮಣೆ ಹಾಕಿ ಕೂತಿದ್ದೆ. ಅವನು ನನ್ನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಮಾತಾಜಿ, ಜರಾ ಉಠಿಯೇ," ಎಂದ. ನಾನು ಏಳಲಿಲ್ಲ. ಕಾಯಿ ತುರಿಯುತ್ತಾ ಇದ್ದೆ. ಅವನು ಸುಧೀರನನ್ನು ಕರೆದ.

"ಅಮ್ಮ, ಸ್ವಲ್ಪ ಬದಿಗೆ ಬಾ. ಇವರಿಗೆ ಅಳತೆ ತೆಗೀಲಿಕ್ಕೆ ಉಂಟು."

"ತೆಗೆಯಲಿ," ಎಂದೆ. ನನ್ನ ಸ್ವರ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು. "ನನ್ನದೂ ಸೇರಿಸಿ ತೆಗೆಯಲಿ."

ಅಡುಗೆಮನೆಯಿಂದ ಶೈಲಾ ಅಂದಳು: "ಹೌದ್ರಿ, ಅತ್ತಿಯವರ ಅಳತಿನೂ ಬರಕೋರಿ. ಪ್ಲಾನ್‌ನ್ಯಾಗ ಬಿಟ್ಟೈತಿ. ಹಂಗ ನನ್ನ ಕಟ್ಟಿ ಕೆಳಗಿನ ಡಬ್ಬಿ ಎಲ್ಲಿಡ್ಲಿ, ಅದನ್ನೂ ಬರೀರಿ."

ಸುಧೀರ ನಕ್ಷೆ ನೋಡಿದ, ನನ್ನನ್ನು ನೋಡಿದ. "ಅಲ್ಲಿ ಏನೂ ಇರಲಿಲ್ಲ ಅಲ್ವಾ ಅಮ್ಮ, ನಾನು ಅಳತೆ ತೆಗೆದಾಗ?"

"ನೀನು ಸಂಜೆ ಆಫೀಸಿನಿಂದ ಬಂದು ಅಳತೆ ತೆಗೆದೆ. ಆಗ ಮಣೆ ಗೋಡೆಗೆ ಒರಗಿಸಿರುತ್ತದೆ. ಹಗಲು ಇಲ್ಲಿ ನಾನು ಇರುತ್ತೇನೆ."

ವಾರದ ದಿನ ಹನ್ನೊಂದು ಗಂಟೆಗೆ ಅವನು ಈ ಮನೆಯನ್ನು ಎಂದೂ ಕಂಡವನಲ್ಲ. ಕೆಲಸದವನು ಯಂತ್ರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕೊನೆಗೆ ಸುಧೀರ ನೆಲದಲ್ಲಿ ನನ್ನ ಎದುರು ಕೂತು, ತುರಿದ ಕಾಯಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಸಂಪನ್ನು ತೊಟ್ಟಿಯ ಅಡಿಯ ಕಪಾಟಿನಲ್ಲೇ ಕೂರಿಸ್ತೇನೆ. ಅಲ್ಲಿ ಚಿಕ್ಕ ಸಂಪೇ ಹಿಡೀತದೆ, ಹಾಗಾದ್ರೆ ತೊಟ್ಟಿಯನ್ನೂ ಚಿಕ್ಕದು ಮಾಡ್ಬೇಕು," ಎಂದ. ದನಿ ಇಳಿದಿತ್ತು. ಆ ಉದ್ದದ ತೊಟ್ಟಿ ಅವನ ಕನಸು, ಅದೂ ನನಗೆ ಗೊತ್ತು.

ತೊಟ್ಟಿ ಚಿಕ್ಕದಾಯಿತು. ನೀಲಿ ಮೀನಿಗೆ ಈಜಲು ಉದ್ದ ಸಾಲದೆಂದು ಅದನ್ನು ಬಿಟ್ಟರು. ಋತ್ವಿಕ್, ನೀನು ನನ್ನ ಬಳಿ ಮಾತು ಬಿಟ್ಟೆ, ದೋಸೆಯನ್ನೂ ಬಿಟ್ಟೆ. ದೋಸೆ ಮಾರನೆಯ ದಿನ ತಿಂದೆ, ಮಾತಿಗೆ ಇನ್ನೂ ಸ್ವಲ್ಪ ದಿನ ಬೇಕಾಯಿತು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಎದ್ದಿದ್ದರೆ ಆಗುತ್ತಿರಲಿಲ್ಲವೇ ಎಂದು ಎಷ್ಟೋ ಸಲ ಅನ್ನಿಸಿತು. ಅನ್ನಿಸಿದಾಗಲೆಲ್ಲ ಆ ಖಾಲಿ ಎಂಬ ಮಾತು ನೆನಪಾಗಿ ಮತ್ತೆ ಸಿಟ್ಟು ಬಂತು.

ತೊಟ್ಟಿಗೆ ಕಲ್ಲು ಬಂತು, ನೀರು ಬಂತು. ಹದಕ್ಕೆ ಬರಲೆಂದು ವಾರಗಟ್ಟಲೆ ಮೀನಿಲ್ಲದೆ ನೀರು ತಿರುಗುತ್ತಲೇ ಇತ್ತು. ಒಂದು ದಿನ ಕೆಳಗಿನ ಕಪಾಟು ತೆರೆದು ನೋಡಿದರೆ ಸಂಪ್ ಅರ್ಧದಷ್ಟು ಬರಿದು. ಡೊಂಬಿವಲಿಯಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಲ್ಲುತ್ತಿತ್ತು. ನಿಲ್ಲುವಷ್ಟರಲ್ಲಿ ಮನೆಯಲ್ಲಿ ಒಂದು ಲೋಟ ಖಾಲಿ ಉಳಿದರೂ ಅದು ಹೆಂಗಸಿಗೆ ನಾಚಿಕೆ. ಖಾಲಿ ಪಾತ್ರೆ ಕಂಡರೆ ನನ್ನ ಕೈ ತಡೆಯುವುದಿಲ್ಲ. ಬಕೆಟ್ ಎತ್ತಿಕೊಂಡು ಬಂದೆ.

"ಅತ್ತಿ, ನಿಲ್ರಿ, ನಿಲ್ರಿ," ಎಂದು ಶೈಲಾ ಓಡಿಬಂದು ಬಕೆಟ್ ಹಿಡಿದಳು. ಒಳಗಿಂದ ಸುಧೀರನೂ ಬಂದ.

"ಇದನ್ನೂ ಖಾಲಿ ಬಿಡುವುದಾ?" ಎಂದು ಕೇಳಿದೆ. ಕೇಳುವಾಗ ಸಿಟ್ಟು ದನಿಯಲ್ಲೇ ಇತ್ತು.

ಅವನು ಪಂಪಿನ ಸ್ವಿಚ್ ಆರಿಸಿದ. ಮೇಲಿನ ತೊಟ್ಟಿಯಿಂದ ನೀರು ಗುಳುಗುಳು ಎನ್ನುತ್ತಾ ಪೈಪಿನಲ್ಲಿ ಇಳಿಯಿತು. ಕೆಳಗಿನ ನೀರು ಮೆಲ್ಲಗೆ ಏರಿತು. ಅವನು ಗಾಜಿನ ಮೇಲೆ ಎಳೆದಿದ್ದ ಗೆರೆಯವರೆಗೆ ಬಂದು ನಿಂತಿತು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. "ಕರೆಂಟ್ ಹೋದಾಗ ಮೇಲಿನದ್ದು ಇಳಿದು ಬರ್ತದೆ ಅಮ್ಮ. ಅದಕ್ಕೆ ಮೊದಲೇ ಜಾಗ ಬಿಡ್ಬೇಕು. ತುಂಬಿಸಿಟ್ರೆ ಹಾಲ್ ಪೂರ್ತಿ ನೀರು."

ನಾನು ಆ ಗೆರೆಯನ್ನೇ ನೋಡುತ್ತಾ ನಿಂತೆ. ನಿಮ್ಮ ಅಜ್ಜ ಹೋದ ಮೇಲೆ ಡೊಂಬಿವಲಿಯ ಕೋಣೆ ಬಿಟ್ಟು ಈ ಮನೆಗೆ ಬಂದಾಗ, ಡ್ರೈ ಬಾಲ್ಕನಿಯಲ್ಲಿ ಹಳೆಯ ಸೈಕಲ್ಲು, ಡಬ್ಬಗಳು ತುಂಬಿದ್ದವು. ನಾನು ಬಂದ ವಾರ ಸುಧೀರ ಮತ್ತು ಶೈಲಾ ಅವನ್ನೆಲ್ಲ ತೆಗೆದು ತೊಳೆದಿದ್ದರು. ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ, ಮಣೆ ತಂದು ಹಾಕಿದೆ. ಹಾಗೆ ಬಿಟ್ಟ ಜಾಗವನ್ನು ಬಿಟ್ಟವರೇ ಮರೆತರು. ಸಿಟ್ಟಿನಲ್ಲಿ ನಾನೂ ಮರೆತೆ. ಇಷ್ಟು ತಿಳಿದ ಮೇಲೂ ನಕ್ಷೆಯ ಮೇಲಿನ ನನ್ನ ಸಿಟ್ಟು ಅರ್ಧ ಹಾಗೇ ಇದೆ. ಬಿಟ್ಟ ಜಾಗ ಎಂದು ಬರೆಯಬೇಕಿತ್ತು, ಯಾರಿಗಾಗಿ ಎಂದೂ ಬರೆಯಬೇಕಿತ್ತು. ಹೊಸ ನಕ್ಷೆಯಲ್ಲಿ ನನ್ನ ಮಣೆಯ ಉದ್ದಗಲ ಇದೆ. ಪೈಪ್ ಕೆಲಸದವನೇ ಆ ಭಾನುವಾರ ಟೇಪು ಹಿಡಿದು ಅಳೆದ, ನಾನು ಕೂತ ಹಾಗೇ.

ಮಕ್ಕಳೇ, ಇದೊಂದನ್ನು ಬಾಯಲ್ಲೂ ಹೇಳುತ್ತೇನೆ: ಈ ಹಾಳೆಗಳನ್ನು ಆ ನಕ್ಷೆಯೊಂದಿಗೆ ಸೇರಿಸಿ, ನಿಮಗೆ ಕನ್ನಡ ಓದಲು ಬರುವವರೆಗೆ ಜೋಪಾನವಾಗಿಡಿ. ನಿಮ್ಮ ಪುಸ್ತಕದ ಕಪಾಟಿನಲ್ಲಿಡಿ, ಹಾಸಿಗೆಯ ಅಡಿಯಲ್ಲಿಡಿ, ಎಲ್ಲಾದರೂ ಇಡಿ. ಮೀನಿನ ತೊಟ್ಟಿಯ ಕೆಳಗೆ ಮಾತ್ರ ಇಡಬೇಡಿ. ಅಲ್ಲಿ ಜಾಗ ಖಾಲಿ ಕಂಡರೂ ಅದು ಇಳಿದು ಬರುವ ನೀರಿನದು.